ಹೆಚ್ಚು ಆಳಕ್ಕೆ ಹೋದವರು

"ಆಳದ ಅಂಕಿ ತಿದ್ದಿದ್ರೂ ಪರದೆಯಲ್ಲಿ ಹಳೇದೇ ಕೂತಿರ್ತದೆ. ಮುಚ್ಚಿ ತೆರೆದ್ರೆ ಮಾತ್ರ ಹೊಸದು ಕಾಣ್ತದೆ. ಇದೆಂಥ ಸಾಫ್ಟ್‌ವೇರ್ ಮಾರಾಯ್ತಿ?" ಎಂದು ಡೈವಿಂಗ್ ತರಬೇತುದಾರ ಡೆನ್ಜಿಲ್ ವರ್ಷವಿಡೀ ಗೊಣಗಿದ್ದ. ಅವನ ಜೊತೆಗಾರ ದಯಾಕರನದೂ ಅದೇ ರಾಗ.

ಡೈವಿಂಗ್ ದಾಖಲೆಯ ಆ ಸಾಫ್ಟ್‌ವೇರ್ ಬರೆದಿದ್ದ ರಝಿಯಾ ಕೊನೆಗೂ ಅದನ್ನು ಸರಿಪಡಿಸಿದಳು. ಇನ್ನು ಯಾರು ಎಲ್ಲಿಂದ ಅಂಕಿ ಬದಲಿಸಿದರೂ ಆ ಸಾಲು ಹಳದಿಯಾಗಿ ಮಿನುಗಿ, ಹೊಸ ಅಂಕಿ ಆ ಕ್ಷಣವೇ ಎಲ್ಲ ಪರದೆಗಳಲ್ಲೂ ಕಾಣುತ್ತದೆ.

ಹೊಸ ವಿದ್ಯಾರ್ಥಿಗಳೆದುರು ಗೋಡೆಯ ದೊಡ್ಡ ಪರದೆಯಲ್ಲಿ ಆ ದಾಖಲೆ ಬೆಳಗಿತು. ಗೆಳೆಯರಿಬ್ಬರೂ ಅದಕ್ಕೆ ಬೆನ್ನು ಹಾಕಿ ಕೂತಿದ್ದರು. ಹಿಂದಿನ ದಿನ ದ್ವೀಪದ ಬಳಿ ಇಬ್ಬರೂ ಒಟ್ಟಿಗೆ ಡೈವ್ ಮಾಡಿದ್ದರು. ದಯಾಕರ 27 ಮೀಟರ್, ಡೆನ್ಜಿಲ್ 26.

"ಹೆಚ್ಚು ಆಳಕ್ಕೆ ಹೋದವರು ಯಾರು ಸರ್?" ಎಂದು ಒಬ್ಬಳು ಕೇಳಿದಳು.

"ನಾನೇ," ಎಂದರು ಇಬ್ಬರೂ. ಇಬ್ಬರ ಕೈಯೂ ಮೇಜಿನ ಕೆಳಗೆ ಮೊಬೈಲಿಗೆ ಹೋಯಿತು.

ಡೆನ್ಜಿಲನ ಸಾಲು ಹಳದಿಯಾಗಿ ಮಿನುಗಿತು: 29. ದಯಾಕರನದು ಮಿನುಗಿತು: 31. ಮತ್ತೆ ಡೆನ್ಜಿಲ್: 34. ಮತ್ತೆ ದಯಾಕರ: 36.

ಬಾಗಿಲಲ್ಲಿ ನಿಂತಿದ್ದ ದೋಣಿಯ ಬಾಬಣ್ಣ ತಲೆ ಕೆರೆದುಕೊಂಡ. "ಅಲ್ಲ ಮಾರಾಯ್ರೇ, ನಿನ್ನೆ ಅಲ್ಲಿ ನನ್ನ ಲಂಗರು ಇಪ್ಪತ್ತೆಂಟು ಮೀಟರಿಗೇ ನೆಲ ಮುಟ್ಟಿತ್ತಲ್ಲ!"