ಓದು ಬಾರದವರ ಪರೀಕ್ಷೆ

ಸಾಹುಕಾರ ಚೀಟಿಯನ್ನು ಅವಳ ಮೂಗಿನೆದುರೇ ಹಿಡಿದ. ಪ್ರಶ್ನೆಪತ್ರಿಕೆ ಅಚ್ಚಾಗುವ ಅವನ ಪ್ರೆಸ್ಸಿನಲ್ಲಿ ಹಾಳೆ ಮಡಿಸುವ ಕೆಲಸ ಓದು ಬಾರದ ಹೆಂಗಸರಿಗೆ ಮಾತ್ರ, ಗುಟ್ಟು ಬಯಲಾಗಬಾರದಲ್ಲ! ಅಕ್ಷರ ಬಲ್ಲ ನೊಣವನ್ನೂ ಅವನು ಒಳಗೆ ಬಿಟ್ಟವನಲ್ಲ. ತಿಂಗಳಿಗೊಮ್ಮೆ ಹೀಗೆ ಏನಾದರೊಂದು ಬರೆದು ತೋರಿಸಿ ಮುಖವನ್ನೇ ದಿಟ್ಟಿಸುವನು. ಅವನ ಕಣ್ಣೋ, ಹದ್ದುಗಳು ಬಂದು ಪಾಠ ಹೇಳಿಸಿಕೊಳ್ಳಬೇಕು! ರೆಪ್ಪೆ ಅಲುಗಿದರೆ ಕೆಲಸ ಹೋಯಿತು, ಮನೆಯ ಒಲೆ ಆರಿತು.

ಹತ್ತು ವರ್ಷ ಅವಳಿಗೆ ಆ ಚೀಟಿ ಬರೀ ಇರುವೆ ಸಾಲು. ಆದರೆ ಆರು ತಿಂಗಳಿಂದ ಕದ್ದುಮುಚ್ಚಿ ವಯಸ್ಕರ ಶಾಲೆಗೆ ಹೋಗಿ, ಊರಿನ ಗೋಡೆಗಳು ಸವೆಯುವಷ್ಟು ಬೋರ್ಡು ಓದಿದ್ದಳು. ಮೊದಲ ಸಲ ಇರುವೆಗಳು ಮಾತಾಡಿದವು: "ಗೇಟಿನ ಹತ್ತಿರ ನಿನ್ನ ಮಗಳು ಲಾರಿಗೆ ಸಿಕ್ಕಳು."

ಬೆಳಿಗ್ಗೆ ಮಗಳನ್ನು ಆಡಲು ಬಿಟ್ಟು ಬಂದದ್ದು ಗೇಟಿನ ಹತ್ತಿರವೇ. ಗೇಟು ಕಾಣುವ ಕಿಟಕಿ ಎರಡು ಹೆಜ್ಜೆ ದೂರ. ಸುಳ್ಳಿರಬಹುದು, ನಿಜವಿದ್ದರೆ? ಓದುವಾಗ ತುಟಿ ಅಲ್ಲಾಡಿಸುವ ಅವಳ ಅಭ್ಯಾಸವನ್ನು ಬಿಡಿಸಲು ಹೋಗಿ ಮೇಷ್ಟ್ರ ಅರ್ಧ ಆಯಸ್ಸೇ ಮುಗಿದಿತ್ತು. ಈಗ ಅವಳು ರಕ್ತ ಬರುವಂತೆ ನಾಲಿಗೆ ಕಚ್ಚಿ ತುಟಿ ನಿಲ್ಲಿಸಿದಳು.

"ಏನಮ್ಮ, ಏನ್ ಬರ್ದಿದೆ?"

ಅವಳು ರಕ್ತ ನುಂಗಿಕೊಂಡು ನಕ್ಕಳು. "ನಂಗೇನ್ ಗೊತ್ತಾಗತ್ತೆ ಧಣಿ? ಬರ್ದೋರು ನೀವು, ನೀವೇ ಹೇಳ್ಬೇಕು."

"ಭಲೇ! ಅಪ್ಪಟ ಹೆಬ್ಬೆಟ್ಟು ನೀನು. ಹೋಗು, ಆ ಕಟ್ಟು ಮಡಿಸು."

ಅವು ಅವಳ ವಯಸ್ಕರ ಶಾಲೆಯ ಪ್ರಶ್ನೆಪತ್ರಿಕೆಗಳೇ. ಅವಳು ಕಿಟಕಿಗೆ ಬೆನ್ನು ಮಾಡಿ ಕೂತು ಮೊದಲ ಹಾಳೆ ಮಡಿಸಿದಳು. ಸಂಜೆ ಕೆಲಸ ಬಿಟ್ಟು ಗೇಟು ತೆರೆಯಲು ಇನ್ನೂ ಏಳು ತಾಸಿತ್ತು.