ಉಬ್ಬಿದ ಕಲೆ

ಅವಳು ಸೆರಗು ಸರಿಸಿ ಭುಜ ತೋರಿಸಿದಳು. ಎರೆಹುಳದಂತೆ ಉಬ್ಬಿ ನಿಂತಿದ್ದ ಗಾಯದ ಕಲೆಯನ್ನು ಚರ್ಮದ ಡಾಕ್ಟರಮ್ಮ ಬೆರಳಿನಿಂದ ಒತ್ತಿ ನೋಡಿದರು.

“ಏನಾಗಿತ್ತಮ್ಮಾ?”

“ಬಚ್ಚಲಲ್ಲಿ ಜಾರಿ ಬಿದ್ದೆ. ಮಗಳು ಮುಟ್ಟಿ ಮುಟ್ಟಿ ಕೇಳ್ತಾಳೆ. ತೆಗೆದುಬಿಡಿ ಮೇಡಂ.”

“ಲೇಸರ್ ಮಾಡೋಣ. ಆದ್ರೆ ಇದು ಹಳೇದು, ಪೂರ್ತಿ ಹೋಗಲ್ಲ. ಹೊಲಿಗೆ ಬಿಚ್ಚಿದ ಕೂಡಲೇ ಬಂದಿದ್ರೆ ಇಷ್ಟು ಉಬ್ಬೋಕೆ ಬಿಡ್ತಿರಲಿಲ್ಲ.”

“ಬೇಗ ಬಂದ್ರೆ ಉಬ್ಬೋದೇ ಇಲ್ವಾ?”

“ಬಹಳ ಮಟ್ಟಿಗೆ ಇಲ್ಲ.”

ಅವಳ ಮುಖ ಅರಳಿತು. ಸೆರಗು ಹೊದ್ದು ಎದ್ದವಳು ಗೋಡೆಯ ಕ್ಯಾಲೆಂಡರಿನ ಕಪ್ಪು ಚುಕ್ಕೆಯ ಮೇಲೆ ಬೆರಳಿಟ್ಟಳು.

“ಬರೋ ಅಮಾವಾಸ್ಯೆಗೆ ಯಜಮಾನ್ರು ಲಾರಿ ಪೂಜೆಗೆ ಮನೆಗೆ ಬರ್ತಾರೆ. ಹುಣ್ಣಿಮೆ ಹೊತ್ತಿಗೆ ಆಸ್ಪತ್ರೇಲಿ ಹೊಲಿಗೆ ಬಿಚ್ಚಿರ್ತಾರೆ. ಅವತ್ತಿಗೆ ನನ್ನ ಹೆಸರು ಬರ್ಕೊಳ್ಳಿ ಮೇಡಂ.”