ಅರ್ಕಾವತ್ತು

ಊರು ಬೆಳೆಯಿತು, ಮುನಿಸಿಪಾಲ್ಟಿಯವರು ಯಾವ ಓಣಿಗೆ ಯಾವ ಶಾಲೆಯೆಂದು ಹೊಸ ಗಡಿ ಹಾಕಿದರು. ಯಂಕವ್ವ ಗಂಟೆ ಬಾರಿಸುವ ಶಾಲೆಯ ಮಕ್ಕಳೆಲ್ಲ ರಸ್ತೆಯಾಚೆಯ ಶಾಲೆಯ ಪಾಲಾದರು. ಆದರೂ ಅವಳು ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸುತ್ತಿದ್ದಳು. ಖಾಲಿ ಕೋಣೆಯನ್ನು ನೋಡಲಾರದೆ ಮಾಸ್ತರರು ಒಂದು ದಿನ ಅವಳನ್ನೇ ಕರೆದರು.

"ಪಾಟಿ ತಗೊಂಡು ಕೂಡು, ಯಂಕವ್ವ."

"ಈ ವಯಸ್ಸಿನಾಗ ನನಗ್ಯಾಕ್ರಿ ಅಕ್ಷರ?"

"ನಿನಗಲ್ಲ, ನನಗ ಬೇಕಾಗೇದ."

ದಸರೆಯ ಹೊತ್ತಿಗೆ ಅವಳು ಒತ್ತಕ್ಷರಕ್ಕೆ ಬಂದಳು. ಅರ್ಕಾವತ್ತು ಬಂದಲ್ಲಿ ಮಾತ್ರ ನಾಲಿಗೆ ತೊಡರುತ್ತಿತ್ತು.

ಅಷ್ಟರಲ್ಲಿ ಕಚೇರಿಯಿಂದ ಹುಕುಂ ಬಂತು. ಮಾಸ್ತರರು ಅದನ್ನು ನೋಡಿ ಅವಳ ಕೈಗಿತ್ತರು.

"ಏನೈತ್ರಿ ಇದರಾಗ?"

"ನೀನೇ ಓದು."

ಅವಳು ಬೆರಳಿಟ್ಟು ಓದಿದಳು. ಈ ಸಲ ನಾಲಿಗೆ ಎಲ್ಲಿಯೂ ತೊಡರಲಿಲ್ಲ. "ಒಬ್ಬ ವಿದ್ಯಾರ್ಥಿಯೂ ಇಲ್ಲದ ಕಾರಣ ಈ ಶಾಲೆಯನ್ನು ಮುಚ್ಚಲಾಗಿದೆ."